ನಾಳಿದ್ದಮ್ಮನ ಲೆನ್ಸು

ನಮ್ಮ ಕನ್ನಡಕದಂಗಡಿಯಲ್ಲಿ ಮುಂದಿನ ಕೋಣೆ ನನ್ನದು, ಹಿಂದಿನ ಕೋಣೆ ಅವಳದು. ನಾನು ಗಿರಾಕಿಗಳನ್ನು ಕುರ್ಚಿಯಲ್ಲಿ ಕೂರಿಸಿ, ಒಂದು ಕಣ್ಣು ಮುಚ್ಚಿಸಿ, ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸುತ್ತೇನೆ. ನಾನು ಹೇಳಿದ ಪವರಿನ ಗಾಜನ್ನು ಅವಳು ಯಂತ್ರಕ್ಕೆ ಕೊಟ್ಟು, ಅಂಚು ಉಜ್ಜಿ, ಫ್ರೇಮಿಗೆ ಕೂರಿಸುತ್ತಾಳೆ. "ಯಾವಾಗ ಸಿಗುತ್ತೆ?" ಎಂದು ಕೇಳಿದವರಿಗೆಲ್ಲ ಅವಳದು ಒಂದೇ ಉತ್ತರ: "ನಾಳಿದ್ದು ಬನ್ನಿ." ಬೆಳಿಗ್ಗೆ ಬಂದವರಿಗೂ ನಾಳಿದ್ದು, ಸಂಜೆ ಬಂದವರಿಗೂ ನಾಳಿದ್ದು, ಬರೀ ಸ್ಕ್ರೂ ಬಿಗಿ ಮಾಡಿಸಲು ಬಂದವರಿಗೂ ನಾಳಿದ್ದು. ಹೀಗಾಗಿ ಬೀದಿಯವರ ಬಾಯಲ್ಲಿ ಅವಳು ನಾಳಿದ್ದಮ್ಮ ಆದಳು. ಇದು ಅವಳ ಕಿವಿಗೂ ಬಿದ್ದಿತ್ತು, ಬೇಜಾರೇನೂ ಇರಲಿಲ್ಲ. "ಇವತ್ತೇ ಕೊಟ್ಟುಬಿಟ್ರೆ ಕೆಲಸ ಸುಲಭ ಅಂದ್ಕೋತಾರೆ," ಎನ್ನುತ್ತಿದ್ದಳು.

ನಲವತ್ತು ದಾಟಿದ ಹೆಂಗಸು. ಮನೆಯಲ್ಲಿ ತಾಯಿ, ತಂಗಿ, ಇವಳು. ತಂಗಿ ಬ್ಯಾಟರಿ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದಳು. ಆ ಕಾರ್ಖಾನೆಯ ಹೆಂಗಸರದ್ದೊಂದು ವಾಲಿಬಾಲ್ ತಂಡವಿತ್ತು. ತಂಗಿ ಅದರ ಕ್ಯಾಪ್ಟನ್. ಮಂಡಿನೋವಿಲ್ಲದವರು ತಂಡದಲ್ಲಿ ಯಾರೂ ಇರಲಿಲ್ಲ. ಆದರೂ ಸೋಪಿನ ಕಾರ್ಖಾನೆಯವರನ್ನು ಕಂಡರೆ ಎಲ್ಲರ ಮೈಯಲ್ಲೂ ಹದಿಹರೆಯದ ರೋಷ ಉಕ್ಕುತ್ತಿತ್ತು. ಭಾನುವಾರದ ಆಟ ಕಾರ್ಖಾನೆಯ ಹಳೇ ಗೋದಾಮಿನಲ್ಲಿ. ನಾಳಿದ್ದಮ್ಮ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಒಂದು ಆಟವನ್ನೂ ತಪ್ಪಿಸದೆ ಹೋಗುತ್ತಿದ್ದಳು. ಆದರೆ ಆ ಗೋದಾಮಿನಲ್ಲಿ ಬೆಳಕು ಎನ್ನುವುದು ಹೆಸರಿಗೆ ಮಾತ್ರ. ಆ ಮಬ್ಬಿನಲ್ಲಿ ಅವಳ ಲೆನ್ಸು ಕುರುಡರ ಹಾಗೆ ತಡಕಾಡುತ್ತಿತ್ತು. ಚೆಂಡಿಗೆ ಹಾರಿದವರೆಲ್ಲ ಫೋಟೋದಲ್ಲಿ ಹೊಗೆಯಾಗಿ ಬರುತ್ತಿದ್ದರು.

"ಇದರಲ್ಲಿ ನಾನ್ಯಾರೇ?" ಎಂದು ತಂಗಿ ಕೇಳುತ್ತಿದ್ದಳು.

"ಎಡಗಡೆ ಹಾರ್ತಿರೋಳು."

"ಇದು ಹಾರ್ತಿರೋದಾ? ಯಾರೋ ಬೆಡ್‌ಶೀಟ್ ಕೊಡವಿದ ಹಾಗಿದೆ. ಸಾಲದ್ದಕ್ಕೆ ನಂಗೆ ಮೂರು ಕೈ."

ಒಂದು ದಿನ ಎರಡು ಬೀದಿ ಆಚೆಯ ಕ್ಯಾಮೆರಾ ಅಂಗಡಿಯಲ್ಲಿ ಯಾರೋ ಪರಸ್ಥಳದ ಗಿರಾಕಿ ತನ್ನ ದೊಡ್ಡ ಲೆನ್ಸನ್ನು ಇವಳ ಕೈಗೆ ಕೊಟ್ಟು, ಸುಮ್ಮನೆ ನೋಡಿ ಎಂದನಂತೆ. ಕಲ್ಲಿನಷ್ಟು ಭಾರ, ಬಟ್ಟಲಿನಷ್ಟು ಬಾಯಿ. ಇವಳು ಅದನ್ನು ತನ್ನ ಕ್ಯಾಮೆರಾಕ್ಕೆ ಜೋಡಿಸಿ, ಕಣ್ಣಿಗಿಟ್ಟು ಅಂಗಡಿಯ ಕತ್ತಲ ಮೂಲೆಗೆ ತಿರುಗಿಸಿದಳು. ಬೀರುವಿನಡಿ ಮಲಗಿದ್ದ ಬೆಕ್ಕಿನ ಒಂದೊಂದು ಮೀಸೆಯೂ ಬೇರೆಬೇರೆಯಾಗಿ ಕಂಡಿತು. ಅಲ್ಲಿಗೆ ಅವಳ ಕಥೆ ಮುಗಿಯಿತು. ಇದ್ದರೆ ಅದೇ ಲೆನ್ಸು, ಬೇರೆ ಯಾವುದೂ ಬೇಡ.

ಕ್ಯಾಮೆರಾ ಅಂಗಡಿಯವನು ಉದ್ದ ಮುಖದ ಮನುಷ್ಯ, ಯಾವ ಸುದ್ದಿಯನ್ನೂ ಸಾವಿನ ಮನೆಯ ದನಿಯಲ್ಲೇ ಹೇಳುವವನು. "ಬರುತ್ತೆ. ಆದ್ರೆ ಕಂಪನಿಯವರು ಮಾಡೋದೇ ಕಮ್ಮಿ, ಕೇಳೋರು ಊರು ತುಂಬ. ಬಂದ ಗಳಿಗೆ ಫೋನ್ ಮಾಡ್ತೀನಿ," ಎಂದ.

ಕಾಯುವುದು ಶುರುವಾಯಿತು. ಮನೆಯಲ್ಲಿ ಹೊಸ ಪರದೆ, ಅಡುಗೆಮನೆಯ ಸೋರುವ ನಲ್ಲಿ, ತಾಯಿಯ ಮುರುಕು ಮಂಚ, ಎಲ್ಲಕ್ಕೂ "ಲೆನ್ಸ್ ಒಂದು ಬರಲಿ" ಎಂಬ ಉತ್ತರವಾಯಿತು. ತಾಯಿ ಒಂದೆರಡು ತಿಂಗಳು ನೋಡಿದರು. ಆಮೇಲೆ ತಾವೇ ನಲ್ಲಿಯವನನ್ನು ಕರೆಸಿ ರಿಪೇರಿ ಮಾಡಿಸಿದರು. ಸಂಜೆ ಮಗಳು ಚಪ್ಪಲಿ ಬಿಡುವ ಮೊದಲೇ, ದೊಡ್ಡ ಮನುಷ್ಯರ ವಿಚಾರ ಕೇಳುವವರ ಹಾಗೆ, "ಲೆನ್ಸಪ್ಪನವರು ಎಲ್ಲಿವರೆಗೆ ಬಂದರಂತೆ?" ಎಂದು ವಿಚಾರಿಸುತ್ತಿದ್ದರು.

ಅಂಗಡಿಯವನನ್ನು ಕೇಳಿದಾಗಲೆಲ್ಲ "ಮುಂದಿನ ವಾರ ಕೇಳಿ ನೋಡಿ" ಎನ್ನುತ್ತಿದ್ದ. ನಾನು ಸಮಯ ನೋಡಿ ಚುಚ್ಚಿದೆ: "ಈಗ ಗೊತ್ತಾಯ್ತಾ ನಮ್ಮ ಗಿರಾಕಿಗಳ ಸಂಕಟ?"

"ಅದು ಬೇರೆ, ಇದು ಬೇರೆ," ಎಂದಳು. "ನಾನು ನಾಳಿದ್ದು ಅಂದ್ರೆ ನಾಳಿದ್ದು ಕೊಟ್ಟೇ ಕೊಡ್ತೀನಿ. ಅವನ ಮುಂದಿನ ವಾರಕ್ಕೆ ತಲೆನೂ ಇಲ್ಲ, ಬಾಲನೂ ಇಲ್ಲ."

ಹೀಗಿರುವಾಗ ಒಂದು ಬೆಳಿಗ್ಗೆ ಆ ಕ್ಯಾಮೆರಾ ಅಂಗಡಿಯವನೇ ನಮ್ಮ ಬಾಗಿಲಲ್ಲಿ ಪ್ರತ್ಯಕ್ಷನಾದ. ಒಂದೊಂದು ಕೈಯಲ್ಲಿ ಒಂದೊಂದು ಅರ್ಧ ಕನ್ನಡಕ. ಕುರ್ಚಿಯ ಮೇಲಿಟ್ಟು, ಮರೆತು, ಅದರ ಮೇಲೇ ಕೂತಿದ್ದ. ದೂರದ್ದೂ ಮಂಜು, ಹತ್ತಿರದ್ದೂ ಮಂಜು. ನನ್ನನ್ನೇ ಅವಳೆಂದುಕೊಂಡು ನಮಸ್ಕಾರ ಹೇಳಿದ.

"ಇವತ್ತೇ ಆಗಬೇಕಿತ್ತು," ಎಂದ.

ನಾಳಿದ್ದಮ್ಮ ಒಳಕೋಣೆಯಿಂದ ಬಂದು ಆ ಎರಡು ತುಂಡುಗಳನ್ನು ನೋಡಿದಳು. ಎಷ್ಟೋ ತಿಂಗಳಿಂದ ಬಾಡಿದ್ದ ಅವಳ ಮುಖ ಅರಳಿತು.

"ನಾಳಿದ್ದು ಬನ್ನಿ."

"ಸ್ವಲ್ಪ ಬೇಗ..."

"ಕೇಳೋರು ಊರು ತುಂಬ," ಎಂದಳು, ಅವನದೇ ಸಂತಾಪದ ದನಿಯಲ್ಲಿ.

ಮಧ್ಯಾಹ್ನದ ಹೊತ್ತಿಗೆ ಹೊಸ ಕನ್ನಡಕ ಸಿದ್ಧವಾಗಿ ಟ್ರೇಯಲ್ಲಿ ಮಿಂಚುತ್ತಿತ್ತು. "ಆಗಿದೆಯಲ್ಲ, ಪಾಪ, ಕೊಟ್ಟು ಕಳಿಸೋಣ," ಎಂದೆ.

"ಕನ್ನಡಕ ಆಗಿದೆ. ನಾಳಿದ್ದು ಇನ್ನೂ ಆಗಿಲ್ಲ," ಎಂದು ಅವಳು ಟ್ರೇಯ ಮೇಲೆ ಬಟ್ಟೆ ಮುಚ್ಚಿದಳು.

ಹೇಳಿದ ದಿನಕ್ಕೆ ಅವನು ಬಂದ. ಕನ್ನಡಕ ಹಾಕಿಕೊಂಡು ಬೀದಿ ನೋಡಿದ, ನನ್ನನ್ನು ನೋಡಿದ, ಖುಷಿಯಾದ. ಆಮೇಲೆ ಜೇಬಿನಿಂದ ಫೋನ್ ತೆಗೆದು ನೋಡಿದ. ಮೊದಲೇ ಉದ್ದವಿದ್ದ ಮುಖ ಎದೆವರೆಗೆ ಇಳಿಯಿತು.

"ಒಂದು ಎಡವಟ್ಟಾಗಿದೆ," ಎಂದ.

ನಿನ್ನೆ ಲೆನ್ಸು ಬಂದಿತ್ತು. ಒಂದೇ ಒಂದು. ಕೊಟ್ಟ ಮಾತಿನಂತೆ ಬಂದ ಗಳಿಗೆಯೇ ಫೋನ್ ಮಾಡಿದ್ದ, ಆದರೆ ಕಣ್ಣು ಕಿರಿದುಮಾಡಿ ಒತ್ತಿದ್ದು ಲೆನ್ಸಿಗೆ ಕಾಯುವವರ ಪಟ್ಟಿಯಲ್ಲಿ ಇವಳ ಹೆಸರಿನ ಕೆಳಗಿದ್ದ ಹಲ್ಲಿನ ಡಾಕ್ಟರ ಹೆಸರನ್ನು. ಡಾಕ್ಟರು ಅರ್ಧ ಗಂಟೆಯಲ್ಲಿ ಬಂದು ಲೆನ್ಸು ಒಯ್ದಿದ್ದರು.

"ಗಂಡಸಿನ ದನಿ ಅಂತ ಗೊತ್ತಾಗಲಿಲ್ವಾ ನಿಮಗೆ?"

"ಮನೆಯವರು ಯಾರೋ ಎತ್ತಿದ್ರು ಅಂದ್ಕೊಂಡೆ."

"ಎದುರಿಗೆ ಬಂದು ನಿಂತಾಗ?"

"ನಿಮ್ಮಣ್ಣ ಅಂದ್ಕೊಂಡೆ. ಕನ್ನಡಕ ಇರಲಿಲ್ಲವಲ್ಲ ಅಮ್ಮ."

ಅವಳು ನನ್ನ ಕಡೆ ತಿರುಗಿದಳು. ನಾನು ಗೋಡೆಯ ಅಕ್ಷರಗಳನ್ನು ಮೊದಲ ಸಲ ನೋಡುವವನಂತೆ ನೋಡುತ್ತಾ ನಿಂತೆ. ಬೈಯಲು ಯಾರೂ ಸಿಗದೆ ಅವಳು ಒಳಗೆ ಹೋಗಿ ಯಂತ್ರ ಶುರುಮಾಡಿದಳು. ಸಂಜೆಯವರೆಗೂ ಆ ಯಂತ್ರದ ಕಿರ್ರೋ ಎನ್ನುವ ಸದ್ದು ನಿಲ್ಲಲಿಲ್ಲ. ಅಂದು ಎಲ್ಲರ ಕನ್ನಡಕವೂ ಅದೇ ದಿನ ಸಿದ್ಧವಾಯಿತು. ಮನೆಯಲ್ಲಿ ಈ ಕಥೆ ಕೇಳಿದ ತಾಯಿ ನಕ್ಕು ನಕ್ಕು ಕೆಮ್ಮಿದರಂತೆ.

ಮರುದಿನ ಅವಳು ಹಲ್ಲಿನ ಡಾಕ್ಟರ ಬಳಿ ಹೋದಳು. ಹಲ್ಲುನೋವು ಎನ್ನದೆ ಒಳಗೆ ಬಿಡುತ್ತಿರಲಿಲ್ಲ, ಹಾಗಾಗಿ ಹಲ್ಲುನೋವು ಎಂದಳು. ಡಾಕ್ಟರು ತೆಳ್ಳಗಿನ, ನಾಚಿಕೆಯ ಮನುಷ್ಯ. ಅವಳು ಬಾಯಿ ತೆರೆದುಕೊಂಡೇ ತನ್ನ ಅಹವಾಲು ಹೇಳಿದಳು. ಅವರಿಗೆ ಅರ್ಥವಾದದ್ದು "ಲೆ" ಒಂದೇ. ಅಷ್ಟರಲ್ಲಿ ಅವರಿಗೊಂದು ಹುಳುಕು ಹಲ್ಲು ಸಿಕ್ಕಿತು. ಅದನ್ನು ತುಂಬಿಸಿದ ಮೇಲೆ ಮಾತು ಮುಂದುವರಿಯಿತು.

"ಕೊಡೋಕಾಗಲ್ಲ, ಕ್ಷಮಿಸಿ," ಎಂದರು. "ನಾನೂ ತುಂಬ ಕಾಲ ಕಾದಿದೀನಿ."

"ಕೇಳ್ತಾ ಇಲ್ಲ. ಅದರಲ್ಲಿ ಏನು ತೆಗೆದ್ರಿ, ಅಷ್ಟು ಹೇಳಿ."

ಡಾಕ್ಟರು ಕೈಗವಸು ಕಳಚುತ್ತಾ ತಡವರಿಸಿದರು. ಇನ್ನೂ ಏನೂ ತೆಗೆದಿರಲಿಲ್ಲ. ಡಬ್ಬಿ ತೆರೆಯುವುದು, ನೋಡುವುದು, ಮುಚ್ಚುವುದು, ಇಷ್ಟೇ. "ಮೊದಲನೇ ಫೋಟೋ ಚೆನ್ನಾಗಿರಬೇಕಲ್ವಾ? ಯಾವುದನ್ನ ತೆಗೀಲಿ ಅಂತ ಯೋಚನೆ ಮಾಡ್ತಾ ಇದೀನಿ."

"ಭಾನುವಾರ ಸೋಪಿನವರ ಜೊತೆ ಫೈನಲ್ ಇದೆ," ಎಂದಳು ನಾಳಿದ್ದಮ್ಮ. ಅರ್ಧ ಬಾಯಿ ಮರಗಟ್ಟಿದ್ದರಿಂದ ಮಾತು ವಾಲುತ್ತಿತ್ತು. "ಲೆನ್ಸು ನಂಗೆ ಕೊಡಬೇಡಿ. ನೀವೇ ಕರ್ಕೊಂಡು ಬನ್ನಿ."

ಬಂದರು. ಲೆನ್ಸನ್ನು ಹಸುಗೂಸಿನಂತೆ ಟವಲಿನಲ್ಲಿ ಸುತ್ತಿ ತಂದಿದ್ದರು. ಅವಳ ಕ್ಯಾಮೆರಾಕ್ಕೆ ತಾವೇ ಜೋಡಿಸಿಕೊಟ್ಟು, ಅದರ ಪಟ್ಟಿಯ ತುದಿಯನ್ನು ಮಾತ್ರ ತಮ್ಮ ಮುಷ್ಟಿಯಲ್ಲೇ ಇಟ್ಟುಕೊಂಡರು. ಅವಳು ಬಾಗಿದರೆ ಅವರೂ ಬಾಗುವರು, ಅವಳು ಸರಿದರೆ ಅವರೂ ಸರಿಯುವರು. ಚೆಂಡು ಈ ಕಡೆ ಬಂದಾಗಲೆಲ್ಲ ಲೆನ್ಸಿಗೆ ಅಡ್ಡ ಹಾರಿ ಬೆನ್ನು ಕೊಡುತ್ತಿದ್ದರು. ಸೋಪಿನವರ ಒಂದು ಹೊಡೆತ ಅವರ ಹೆಗಲ ಮೇಲೆ ಬಿದ್ದ ಸದ್ದು ನನಗೆ ಎದುರು ಬೆಂಚಿನವರೆಗೆ ಕೇಳಿಸಿತು. ಎರಡನೆಯ ಸೆಟ್ಟು ಬಿಸಿಯೇರುವ ಹೊತ್ತಿಗೆ ಪಟ್ಟಿ ಅವರ ಕೈಯಿಂದ ಯಾವಾಗಲೋ ಜಾರಿತ್ತು. ಬೆಂಚಿನ ಮೇಲೆ ಹತ್ತಿ ನಿಂತು, ಹೊರಗೆ ಬಿದ್ದ ಚೆಂಡನ್ನು ಒಳಗೆ ಎಂದ ರೆಫರಿಗೆ ಕನ್ನಡಕ ಹಾಕಿಸಿಕೊಳ್ಳಲು ಹೇಳುತ್ತಿದ್ದರು. ಅಷ್ಟೆಲ್ಲ ಆದರೂ ನಮ್ಮವರು ಸೋತರು.

ಫೋಟೋಗಳು ಮಾತ್ರ ನಿಚ್ಚಳವಾಗಿ ಬಂದವು. ಗಾಳಿಯಲ್ಲಿ ನಿಂತ ಚೆಂಡಿನ ಹೊಲಿಗೆ, ಹಣೆಯ ಬೆವರ ಹನಿ, ಎಲ್ಲವೂ ಕಂಡವು. ತಂಗಿ ಅವನ್ನು ಒಂದೊಂದಾಗಿ ನೋಡಿದಳು. ಒಂದರಲ್ಲಿ ಅವಳ ನಾಲಿಗೆ ಹೊರಗೆ, ಇನ್ನೊಂದರಲ್ಲಿ ಮುಖ ಹುಳಿ ಕಚ್ಚಿದ ಹಾಗೆ.

"ಇದು ನಾನಾ?"

"ನೀನೇ."

"ಹೊಗೆ ಇದ್ದಾಗಲೇ ಚೆನ್ನಾಗಿದ್ದೆ."

ಡಾಕ್ಟರು ಒಂದೊಂದನ್ನೂ ಹತ್ತಿರದಿಂದ ನೋಡಿ ಮೆಚ್ಚಿಕೊಂಡರು. ಕೊನೆಗೆ, "ಈ ಸರ್ವೀಸ್ ಮಾಡ್ತಿರೋರಿಗೆ ಹೇಳಿ, ಕೆಳಗಿನ ದವಡೆ ಹಲ್ಲು ತಡಮಾಡದೆ ತೋರಿಸಲಿ," ಎಂದರು.

ಹೀಗೆ ಇಬ್ಬರೂ ಸರದಿಯ ಮೇಲೆ ಒಂದೇ ಲೆನ್ಸಿನಲ್ಲಿ ಎಷ್ಟೋ ಭಾನುವಾರ ಕಳೆದರು. ಫೋಟೋಗಳು ಕಾರ್ಖಾನೆಯ ಕ್ಯಾಂಟೀನಿನ ಗೋಡೆ ಏರಿದವು. ಅವುಗಳಲ್ಲಿ ಆಟಗಾರ್ತಿಯರ ಬೆನ್ನ ಹಿಂದೆ ಬರೀ ಕಪ್ಪು ಕಂಡ ಮ್ಯಾನೇಜರಿಗೆ ತಮ್ಮ ಗೋದಾಮು ಇಷ್ಟು ಕತ್ತಲೆಯೇ ಎಂದು ನಾಚಿಕೆಯಾಯಿತು. ಸೂರಿನುದ್ದಕ್ಕೂ ಹೊಸ ದೀಪ ಹಾಕಿಸಿಬಿಟ್ಟರು. ದೀಪ ಹತ್ತಿದ ವಾರವೇ ಕ್ಯಾಮೆರಾ ಅಂಗಡಿಯಿಂದ ಫೋನ್ ಬಂತು.

"ನಿಮ್ಮ ಲೆನ್ಸ್ ಬಂದಿದೆ. ಈ ಸಲ ಸರಿಯಾಗಿ ನೋಡಿಯೇ ಒತ್ತಿದೀನಿ."

ನಾಳಿದ್ದಮ್ಮ ಫೋನ್ ಇಟ್ಟು ನನ್ನ ಕೋಣೆಗೆ ಬಂದು ಗಿರಾಕಿಗಳ ಕುರ್ಚಿಯಲ್ಲಿ ಕುಸಿದಳು. ಆ ಬೆಳಕಿನಲ್ಲಿ ಈಗ ಅವಳ ಹಳೇ ಲೆನ್ಸೇ ಧಾರಾಳವಾಗಿ ಸಾಕು.

"ಬೇಡ ಅಂದುಬಿಡು," ಎಂದೆ. "ಕಾಯೋರು ಬೇಕಾದಷ್ಟು ಜನ ಇದಾರೆ."

"ಇಷ್ಟು ಕಾದು ಬೇಡ ಅನ್ನೋಕೆ ನನಗೇನು ತಲೆ ಕೆಟ್ಟಿದೆಯಾ?" ಎಂದವಳೇ ಎದ್ದು ಹೋಗಿ ತಂದೇಬಿಟ್ಟಳು.

ಆ ಭಾನುವಾರ ನಾನೂ ಹೋಗಿದ್ದೆ. ಗೋದಾಮು ನಡುಹಗಲಿನಂತೆ ಬೆಳಗುತ್ತಿತ್ತು. ಬಂದವರೆಲ್ಲ ತಮ್ಮ ಫೋನಿನಲ್ಲೇ ಚೆನ್ನಾಗಿ ಫೋಟೋ ತೆಗೆಯುತ್ತಿದ್ದರು. ಅವಳು ಹೊಸ ಲೆನ್ಸು ಹಾಕಿದ ಕ್ಯಾಮೆರಾವನ್ನು ತೊಡೆಯ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಮುಖ ಊದಿಸಿಕೊಂಡು ಕೂತಳು. ಆಮೇಲೆ ತಂಗಿಗೆ ನೀರಿನ ಬಾಟಲಿ ಕೊಡಬೇಕೆಂದು ಕ್ಯಾಮೆರಾ ಸಮೇತ ಎದ್ದು, ಆಟಗಾರ್ತಿಯರು ತಯಾರಾಗುವ ಹಿಂದಿನ ಚಿಕ್ಕ ಕೋಣೆಗೆ ಹೋದಳು. ಅಲ್ಲಿಗೆ ಹೊಸ ದೀಪ ಹಾಕುವುದು ಯಾರಿಗೂ ತೋಚಿರಲಿಲ್ಲ. ಮಂಕು ಬಲ್ಬು ಒಂದೇ. ಒಬ್ಬಳು ಕಾಲುಗಳನ್ನು ಗೋಡೆಗೆ ಒರಗಿಸಿ ನೆಲದಲ್ಲಿ ಮಲಗಿದ್ದಳು. ಇಬ್ಬರು ಒಬ್ಬರ ಬೆರಳಿಗೊಬ್ಬರು ಪಟ್ಟಿ ಸುತ್ತುತ್ತಿದ್ದರು. ತಂಗಿ ಮೂಲೆಯಲ್ಲಿ ಮಂಡಿಗೆ ಬಟ್ಟೆ ಬಿಗಿಯುತ್ತಿದ್ದಳು, ತುಟಿಗಳ ನಡುವೆ ಪಿನ್ನು.

ಕ್ಲಿಕ್ ಸದ್ದಿಗೆ ತಂಗಿ ತಲೆಯೆತ್ತಿದಳು. "ಇಲ್ಲೇನಿದೆ ತೆಗೆಯೋಕೆ? ಆಟ ಅಲ್ಲಿ."

"ಮಾತಾಡಬೇಡ, ಪಿನ್ ನುಂಗ್ತೀಯ."

ಹೊರಗೆ ಸೀಟಿ ಊದಿದರು. ಹೆಂಗಸರೆಲ್ಲ ಸೊಂಟ ಹಿಡಿದುಕೊಂಡು, ನರಳುತ್ತಾ, ನಗುತ್ತಾ ಎದ್ದು ಹೋದರು. ಡಾಕ್ಟರು ಬಾಗಿಲಲ್ಲಿ ಇಣುಕಿ ಆಟ ಶುರುವಾಯಿತು ಎಂದರು.

"ನೀವು ನಡೀರಿ, ಬಂದೆ," ಎಂದು ಅವಳು ಆ ಮಂಕು ಬೆಳಕಿನಲ್ಲಿ ಕ್ಯಾಮೆರಾದ ಹಿಂಬದಿಗೆ ಬಾಗಿ, ಈಗಷ್ಟೇ ತೆಗೆದ, ಪಿನ್ನಿನ ತುದಿಯೂ ನಿಚ್ಚಳವಾಗಿ ಬಂದ ಫೋಟೋವನ್ನು ನೋಡುತ್ತಾ ಅಲ್ಲೇ ನಿಂತಳು.