ದಿವಾನರ ಮೆಟ್ಟಿಲು

ಇದರಲ್ಲಿ ನಡೆದದ್ದೆಷ್ಟು, ಆಮೇಲೆ ನಾನೇ ಸೇರಿಸಿಕೊಂಡದ್ದೆಷ್ಟು ಎಂದು ಖಚಿತವಾಗಿ ಹೇಳಲಾರೆ. ಕಳೆದ ತಿಂಗಳು ಕಿಟಕಿಯ ಚೌಕಟ್ಟು ಮಾಡಿಸಲು ಮಲವಗೊಪ್ಪದ ಬಡಗಿಯೊಬ್ಬರ ಶೆಡ್ಡಿಗೆ ಹೋದಾಗ ಅವರು ರೈಲು ಹಳಿಯಡಿಯ ಹಳೇ ಸ್ಲೀಪರ್ ಮರ ಕೊಯ್ಯುತ್ತಿದ್ದರು. ಡಾಂಬರಿನಂಥ ಆ ವಾಸನೆಗೆ ನಮ್ಮ ಹಾಲ್ಟ್ ಸ್ಟೇಷನ್ನೂ ಅಲ್ಲಿ ಟಿಕೆಟ್ ಕೊಡುತ್ತಿದ್ದವರೂ ನೆನಪಾದರು.

ಸ್ಟೇಷನ್ ಎಂದರೆ ಒಂದು ಕೋಣೆ, ತಗಡಿನ ಚಾವಣಿ, ಎರಡು ಕಲ್ಲುಬೆಂಚು, ಒಂದು ನಲ್ಲಿ. ಪ್ಲಾಟ್‌ಫಾರ್ಮ್ ನೆಲಮಟ್ಟಕ್ಕೇ ಇತ್ತು. ಬೋಗಿಯ ಮೊದಲ ಮೆಟ್ಟಿಲು ಸೊಂಟದ ಎತ್ತರಕ್ಕೆ... ಅಷ್ಟಿರಲಿಕ್ಕಿಲ್ಲ, ಮೊಣಕಾಲಿಗಿಂತ ಮೇಲಂತೂ ಹೌದು.

ಅಮ್ಮ ಭದ್ರಾವತಿಯ ಶಾಲೆಯೊಂದರಲ್ಲಿ ಟೀಚರ್. ಬಿದ್ದು ಮೊಣಕಾಲು ಮುರಿದ ಮೇಲೆ ಕಾಲು ಸರಿಯಾಗಿ ಮಡಚುತ್ತಿರಲಿಲ್ಲ. ಬಸ್ಸಿನ ನೂಕುನುಗ್ಗಲು ಆಗದು. ರೈಲೂ ಹತ್ತಲಾಗದಿದ್ದರೆ ಕೆಲಸ ಬಿಡಬೇಕು. ಮತ್ತೆ ಹೊರಟ ಮೊದಲ ದಿನ, ಒಂದು ಶುಕ್ರವಾರ, ಎತ್ತಿ ಹತ್ತಿಸಲು ಬಂದವರಿಗೆ ಅವಳು "ಮುಟ್ಟಬೇಡಿ" ಎಂದಳು. ರೈಲು ಬಿಟ್ಟುಹೋಯಿತು. "ಸೋಮವಾರ ಇನ್ನೊಂದ್ಸಲ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ರಾಜೀನಾಮೆ ಕೊಡ್ತೀನಿ" ಎಂದು ನನಗೆ ಹೇಳಿದಳು. ಟಿಕೆಟ್ ಕಿಟಕಿ ಅಲ್ಲೇ ಪಕ್ಕದಲ್ಲಿತ್ತು.

ಸೋಮವಾರ ಆ ಕಿಟಕಿಯ ಮುಂದೆ ಎರಡು ಮೆಟ್ಟಿಲಿನ, ಕಪ್ಪು ಮರದ ಪೀಠವೊಂದಿತ್ತು.

"ಅಟ್ಟದ ಮೇಲೆ ಬಿದ್ದಿತ್ತು ಮೇಡಂ," ಎಂದರು ಟಿಕೆಟ್ ಕೊಡುವವರು. "ಮಹಾರಾಜರ ಕಾಲದ್ದು. ದಿವಾನರು ಇಳಿಯೋಕೆ ಅಂತ ಮಾಡಿಸಿದ್ದಂತೆ."

ನಾನಾಗ ಇತಿಹಾಸದ ಎಂ.ಎ. ವಿದ್ಯಾರ್ಥಿ, ಸುಮ್ಮನಿರಲಾಗಲಿಲ್ಲ. "ಮಹಾರಾಜರ ಕಾಲದ ಮೊಳೆ ಇಷ್ಟು ಹೊಳೆಯುತ್ತಾ ಮಾಮ?"

"ದಿವಾನರ ಮೊಳೆ ಮಾರಾಯ, ತುಕ್ಕು ಹಿಡಿಯಲ್ಲ. ಎಂ.ಎ. ಆಮೇಲೆ ಮಾಡು, ಈಗ ಹತ್ತು."

ರೈಲು ಬಂದಿತ್ತು. ಪೀಠವನ್ನು ಬೋಗಿಯ ಬಾಗಿಲಿಗಿಟ್ಟು ಮೊದಲು ನನ್ನನ್ನು, ಆಮೇಲೆ ಸೌತೆಕಾಯಿ ಬುಟ್ಟಿಯ ಹೆಂಗಸನ್ನು, ಕಾರ್ಖಾನೆಗೆ ಹೊರಟಿದ್ದ ಗಟ್ಟಿಮುಟ್ಟಾದವನನ್ನೂ ಅದರ ಮೇಲಿಂದಲೇ ಹತ್ತಿಸಿದರು. ಕೊನೆಗೆ ಅಮ್ಮ, ಕಂಬಿ ಹಿಡಿದು, ತಾನೇ ಹತ್ತಿದಳು. ನಕ್ಕಳೆಂದು ನೆನಪು... ನಗಲೆಂದು ನಾನು ಬಯಸಿದ್ದಿರಲೂಬಹುದು.

ಒಂದೇ ನಿಮಿಷ ನಿಲ್ಲುವ ಗಾಡಿ. ಅಮ್ಮ ನಿವೃತ್ತಳಾಗುವವರೆಗೂ ಅವರು ದಿನಾ ಕಿಟಕಿ ಮುಚ್ಚಿ, ಆ ಭಾರದ ಪೀಠ ಹೊತ್ತು ಬೋಗಿಯ ಬಾಗಿಲಿಗೆ ಓಡಿ ಬರುತ್ತಿದ್ದರು. ಅಮ್ಮ ಕೊನೆಯವರೆಗೂ ದಿವಾನರ ಕಥೆಯನ್ನೇ ಹೇಳುತ್ತಿದ್ದಳು. ಕೇಳಿ ಕೇಳಿ ನನಗೂ ಅನುಮಾನ ಬಂದಿತ್ತು: ಮೊಳೆ ನಿಜಕ್ಕೂ ಹೊಳೆಯುತ್ತಿತ್ತೇ?

ಈಗ ಪ್ಲಾಟ್‌ಫಾರ್ಮ್ ಎತ್ತರಿಸಿದ್ದಾರೆ. ಅದನ್ನು ನೋಡಲು ಅಮ್ಮ ಇರಲಿಲ್ಲ, ಈಗ ಅವರೂ ಇಲ್ಲ. ಆ ದಿನ ಶೆಡ್ಡಿನಲ್ಲಿ ಸುಮ್ಮನೆ ಆ ಪೀಠದ ಮಾತೆತ್ತಿದೆ. ಬಡಗಿ ಮೂಲೆಯಿಂದ ಅದನ್ನೇ ಎಳೆದು ತಂದರು.

"ನಾನೇ ಮಾಡಿದ್ದು ಸರ್. ಪ್ಲಾಟ್‌ಫಾರ್ಮ್ ಏರಿಸಿದ್ಮೇಲೆ ಟಿಕೆಟ್ ಕೊಡೋರೇ ತಂದುಕೊಟ್ಟು ಹೋದ್ರು. ಆವತ್ತು ಶನಿವಾರ ಬಂದು ಹೇಳಿ, ಭಾನುವಾರ ಎದುರಿಗೇ ಕೂತು ಮಾಡಿಸಿದ್ರು. ಒಂದು ಮೆಟ್ಟಿಲೂ ಗೇಣಿಗಿಂತ ಎತ್ತರ ಬೇಡ, ಮೇಡಂ ಕಾಲು ಅಷ್ಟೇ ಏಳೋದು ಅಂದಿದ್ರು."

ಕೈಯಿಟ್ಟು ಅಳೆದೆ. ಎರಡೂ ಮೆಟ್ಟಿಲು ಸರಿಯಾಗಿ ಒಂದೊಂದು ಗೇಣು.