ಶುಕ್ರವಾರ ಹೊಸ್ತಿಲು ದಾಟಿದ ಮಗು

ಅವತ್ತು ಬೆಳಿಗ್ಗೆ ನಾನು ಹಿತ್ತಲ ಜಗಲಿಯ ಮೇಲೆ ಕೂತು, ರಾತ್ರಿಯೇ ನೆನೆಸಿಟ್ಟಿದ್ದ ಅವರೆಕಾಳು ಹಿತುಕುತ್ತಿದ್ದೆ. ಬೆರಳ ತುದಿಗಳೆಲ್ಲ ನೀರಲ್ಲಿ ಸುಕ್ಕಾಗಿದ್ದವು. ಅತ್ತೆ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತರು. ಅವರಿಗೆ ಮಂಡಿ ನೋವು, ಸುಮ್ಮಸುಮ್ಮನೆ ಹಿತ್ತಲ ತನಕ ಬರುವವರಲ್ಲ.

“ನಿನ್ನ ವಾರಗಿತ್ತಿ ಮಗೀನ ಕಳ್ಸ್‌ಬುಟ್ಲು ಕಣವ್ವ,” ಅಂದರು. “ಅವಳ ತಮ್ಮ ಬೈಕಲ್ಲಿ ಬಂದಿದ್ದ. ಮುಂದ್ಕೆ ಕೂರುಸ್ಕಂಡು ಒಂಟೋದ. ಸಿಂಧಘಟ್ಟಕ್ಕಂತೆ, ಅವಳ ತವರ್ಗೆ.”

“ಸೋಮ್ವಾರ ಅಲ್ವಾ ಎಲ್ಲಾರೂ ಓಗಾದು?”

“ಅದೇ ನಾನೂ ಕೇಳ್ದೆ. ಶುಕ್ರವಾರ, ಎಣ್ಮಗ, ಒಸ್ಲು ದಾಟುಸ್ಬ್ಯಾಡ ಕಣೆ ಅಂದೆ. ಕಿವಿ ಮ್ಯಾಲೇ ಆಕ್ಕೊಳ್ನಿಲ್ಲ.”

ಆ ಮಗು ನನ್ನ ಮೈದುನನ ಮಗಳು, ನಾಲ್ಕು ವರ್ಷದ ಹುಡುಗಿ. ನನಗೆ ದೇವರು ಮಕ್ಕಳನ್ನು ಕೊಡಲಿಲ್ಲ. ಕೊಡದವನು ಹಾಗೇ ಬರಿಗೈಯಲ್ಲಿ ಬಿಡಲೂ ಇಲ್ಲ. ಅವಳು ಹುಟ್ಟಿದಾಗ ನನ್ನ ವಾರಗಿತ್ತಿಗೆ, ಅಂದರೆ ಮೈದುನನ ಹೆಂಡತಿಗೆ, ಆಪರೇಷನ್ ಗಾಯ ಕೀವಾಗಿ ಬಹಳ ದಿನ ಆಸ್ಪತ್ರೆಯಲ್ಲೇ ಇರಬೇಕಾಯಿತು. ಮನೆಗೆ ಬಂದ ಮಗುವಿನ ಬಾಯಿಗೆ ಒಳಲೆಯಲ್ಲಿ ಹಾಲು ಬಿಟ್ಟವಳು ನಾನು. ಅಂದಿನಿಂದ ಅದು ನನ್ನ ಮಗ್ಗುಲಲ್ಲೇ ಮಲಗಿ ರೂಢಿಯಾಯಿತು. ತಾಯಿ ಎದ್ದು ಓಡಾಡುವಂತಾದ ಮೇಲೂ ರಾತ್ರಿ ಆದರೆ ದಿಂಬು ಎಳೆದುಕೊಂಡು “ದೊಡ್ಡವ್ವ” ಅಂತ ನನ್ನ ಕಡೆಗೇ ಬರುತ್ತಿತ್ತು. ವಾರಗಿತ್ತಿ ಅದಕ್ಕೆ ಒಂದು ದಿನವೂ ಮುಖ ಗಂಟು ಹಾಕಿದವಳಲ್ಲ. ಅದೂ ದೇವರು ಕೊಟ್ಟಿದ್ದೇ ಅಂದುಕೊಂಡಿದ್ದೆ.

ಅವರು ಬೇರೆ ಹೋಗಬೇಕಾದ ಕಾರಣ ಬಹಳ ಚಿಕ್ಕದು. ಮೈದುನನಿಗೆ ಪಾಂಡವಪುರದಲ್ಲಿ ಕೆಲಸ, ಪಾಳಿ ಲೆಕ್ಕದಲ್ಲಿ ಡ್ಯೂಟಿ. ನಮ್ಮ ಅರಕೆರೆಯ ಗದ್ದೆಗೆ ನಾಲೆ ನೀರು ಬರುವುದೂ ಪಾಳಿ ಲೆಕ್ಕದಲ್ಲೇ. ಎರಡು ಪಾಳಿಯೂ ಒಂದೇ ದಿನ ಬಿದ್ದವು. ಅವನು ಡ್ಯೂಟಿಗೆ ಹೋದ. ನನ್ನ ಯಜಮಾನರು ಒಬ್ಬರೇ ನೀರು ಕಟ್ಟಲಾಗದೆ ಅರ್ಧ ನೀರು ಕೆಳಗಿನವರ ಗದ್ದೆಗೆ ಹರಿದುಹೋಯಿತು. ಮಾರನೇ ದಿನ ಟೀ ಅಂಗಡಿ ಮುಂದೆ, ನಾಲ್ಕು ಜನರ ಎದುರಿಗೆ ಯಜಮಾನರು ಅಂದುಬಿಟ್ಟರು: “ಸಂಬಳ ಎಣ್ಸೋನ್ಗೆ ಗದ್ದೆ ಯಾಕ್ಲಾ? ಪ್ಯಾಟೆಲೇ ಬಿದ್ದಿರು ಓಗು.”

ಅವನು ಅಲ್ಲಿಂದ ಹೊರಟ. ಮನೆಗೆ ಬಂದು ಊಟ ಮಾಡಲಿಲ್ಲ. ಸ್ವಲ್ಪ ದಿನ ಕಳೆದು ಪಾಂಡವಪುರದಲ್ಲಿ ಹಿಡಿದ ಬಾಡಿಗೆ ಮನೆಯ ಬೀಗದಕೈ ತಂದು ದೇವರ ಮುಂದೆ ಇಟ್ಟ.

“ನಾನೇನು ನಿಜುಕ್ಕೂ ಓಗು ಅಂದ್ನಾ? ಮಾತಿಗೆ ಅಂದೆ ಕಣ್ಲಾ,” ಅಂದರು ಯಜಮಾನರು.

“ಮಾತಿಗೇ ಓಯ್ತಾ ಇರಾದು ಬುಡಣ್ಣ,” ಅಂದ ಅವನು.

ಅತ್ತೆ ಮಕ್ಕಳಿಬ್ಬರ ಮಧ್ಯೆ ಮಾತಾಡಲು ಹೋಗಲಿಲ್ಲ. ಅವರು ಹಿಡಿದಿದ್ದು ವಾರಗಳನ್ನು. ಮಂಗಳವಾರ ಮನೆ ಬಿಡಬಾರದು, ಶನಿವಾರ ಹೊಸ ಮನೆಗೆ ಕಾಲಿಡಬಾರದು, ಶುಕ್ರವಾರ ಲಕ್ಷ್ಮಿಯನ್ನು ಆಚೆ ಕಳಿಸಬಾರದು, ಆಮೇಲೆ ಅಮಾವಾಸ್ಯೆ, ಅದರ ಹಿಂದೆ ಮುಂದೆ ಒಂದೊಂದು ದಿನ. ಪಂಚಾಂಗದಲ್ಲಿ ಇಲ್ಲದ ಕೆಟ್ಟ ದಿನಗಳನ್ನೂ ಅವರು ಹುಡುಕಿದರು. ಕೊನೆಗೆ ಹುಡುಕಲು ಏನೂ ಉಳಿಯದೆ, ಬರುವ ಸೋಮವಾರ ಎಂದು ನಿಶ್ಚಯವಾಯಿತು.

ಆ ಕೊನೆಯ ವಾರವೇ ನಾವು ನೋಡುವ ಧಾರಾವಾಹಿಯಲ್ಲೂ ಮನೆ ಒಡೆಯಿತು.

ಸಂಜೆ ದೀಪ ಹಚ್ಚಿ, ಹಾಲನ್ನು ಡೇರಿಗೆ ಹಾಕಿ ಬಂದ ಮೇಲೆ ನಾವು ಮೂವರು ಹೆಂಗಸರು ಅದನ್ನು ನೋಡುತ್ತಿದ್ದೆವು. ಮಗು ನನ್ನ ತೊಡೆಯ ಮೇಲೆ. ಅರಮನೆಯಂಥ ಮನೆ, ಮೂವರು ಅಣ್ಣತಮ್ಮಂದಿರು. ಸೋಮವಾರ ದೊಡ್ಡವನು ಒಬ್ಬನೇ ಕೈಪೆಟ್ಟಿಗೆ ಹಿಡಿದು ಹೊರಟುಹೋದ. ಮಂಗಳವಾರ ಅತ್ತಿಗೆ ನಾದಿನಿ ಜಗಳವಾಡಿ ನಾದಿನಿ ತವರು ಬಿಟ್ಟಳು.

“ಮಂಗಳ್ವಾರ ಯಾರಾರ ಮನೆ ಬುಡ್ತಾರಾ?” ಅಂದರು ಅತ್ತೆ. “ಅಷ್ಟು ದೊಡ್ಡ ಮನೇಲಿ ಏಳೋರು ಕೇಳೋರು ಒಬ್ರಿಲ್ವಾ?”

“ಅವ್ರಿಗೆ ವಾರ ಎಲ್ಲಿ ಗೊತ್ತಾದದು ಬುಡತ್ತೆ,” ಅಂದಳು ವಾರಗಿತ್ತಿ. “ಮಲ್ಗಾಗ್ಲೂ ರೇಸ್ಮೆ ಸೀರೆ ಉಟ್ಕಂಡಿರ್ತಾರೆ.”

“ಅದ್ನ ಒಗ್ಯೋರ್ಯಾರೋ ಪಾಪ.”

ನಾವು ನಕ್ಕಿದ್ದು ಅಷ್ಟೇ. ಬುಧವಾರದ ಕತೆ ಬೇರೆಯಾಗಿತ್ತು. ಕಿರಿಯ ಸೊಸೆ ಮಗುವನ್ನು ಕರೆದುಕೊಂಡು ಗಂಡನ ಜೊತೆ ಹೊರಡಬೇಕು. ಆ ಮಗುವನ್ನು ಸಾಕಿದವಳು ಹಿರಿಯ ಸೊಸೆ. ಅವಳು ಮಗುವನ್ನು ದೇವರ ಕೋಣೆಯಲ್ಲಿ ಕೂಡಿಹಾಕಿ, ಬಾಗಿಲು ಹಾಕಿಕೊಂಡು ಬಂದು, ಮಗು ಎಲ್ಲಿಗೋ ಹೋಯಿತು ಎಂದು ಸುಳ್ಳು ಹೇಳಿದಳು. ಮನೆಯವರೆಲ್ಲ ಬೀದಿ ಬೀದಿ ಹುಡುಕಿದರು. ನನ್ನ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲೂ ಇಲ್ಲ, ಎರಡು ಕೈಯೂ ತೊಡೆ ಮೇಲಿನ ಮಗುವಿನ ಸುತ್ತ ಇದ್ದವು.

“ಸರ್ಯಾಗ್ ಮಾಡುದ್ಲು ಬುಡು,” ಅಂದರು ಅತ್ತೆ, ಟೀವಿ ಕಡೆ ನೋಡುತ್ತಲೇ. “ಸಾಕ್ದೋಳ ಸಂಕ್ಟ ಎತ್ತೋಳ್ಗೇನು ಗೊತ್ತು?”

ಅವರು ಹೇಳಿದ್ದು ಟೀವಿಯವಳಿಗೆ. ವಾರಗಿತ್ತಿ ಎದ್ದು ಒಳಗೆ ಹೋದಳು. ಅನ್ನ ನೋಡಲು ಹೋಗಿರಬೇಕು ಎಂದುಕೊಂಡೆ.

ಗುರುವಾರ ಬೆಳಿಗ್ಗೆ ನನಗೆ ಒಂದು ಮನಸ್ಸಾಯಿತು. ಮಗು ಹೊಸ ಊರಿಗೆ ಹೋಗುವ ಮೊದಲು ಅದರ ಕೈಯಿಂದ ರಂಗನಾಥಸ್ವಾಮಿ ಗುಡಿಯಲ್ಲಿ ಒಂದು ತುಪ್ಪದ ದೀಪ ಹಚ್ಚಿಸಬೇಕು ಅಂತ. ವಾರಗಿತ್ತಿ ಬಟ್ಟೆ ಒಗೆಯಲು ನಾಲೆಗೆ ಹೋಗಿದ್ದಳು, ಅತ್ತೆ ಮಲಗಿದ್ದರು. ಶ್ರೀರಂಗಪಟ್ಟಣದ ಬಸ್ಸು ಬಂದು ನಿಂತೇ ಇತ್ತು, ಹತ್ತಿಬಿಟ್ಟೆ. ಬೇಗ ಬರೋಣ ಎಂದುಕೊಂಡಿದ್ದು. ಅಲ್ಲಿ ಮಂಗಳಾರತಿಗೆ ಕಾಯಬೇಕಾಯಿತು, ವಾಪಸ್ ಬರುವ ಬಸ್ಸು ತಪ್ಪಿತು. ಅಂತೂ ಮಗು ಬತ್ತಿಗೆ ಬೆಂಕಿ ಮುಟ್ಟಿಸಿ, ಕೈ ಮುಗಿದು, “ಸಾಮಿ ಒಳಗೆ ಮಲ್ಗವ್ನಾ ದೊಡ್ಡವ್ವ? ಮೆಲ್ಗೆ ಮಾತಾಡ್ಬೇಕಾ?” ಅಂತ ಕೇಳಿತು. ಆ ಮಾತೊಂದೇ ಸಾಕಿತ್ತು ನನಗೆ.

ಮನೆಗೆ ಬಂದರೆ ವಾರಗಿತ್ತಿ ಬೀದಿ ಬಾಗಿಲಲ್ಲೇ ನಿಂತಿದ್ದಳು. ಸೀರೆಯ ನೆರಿಗೆ ಇನ್ನೂ ಒದ್ದೆ. ಅಕ್ಕಪಕ್ಕದ ಮನೆಗಳಿಗೆಲ್ಲ ಹೋಗಿ ಬಂದಿದ್ದಳಂತೆ.

“ಎಲ್ಲಿಗೋಗಿದ್ದೆ ಅಕ್ಕ?”

“ಗುಡಿಗೆ ಕಣವ್ವ. ಒಂದು ದೀಪ ಅಚ್ಚುಸ್ಕಂಡು ಬಂದೆ.”

ಅವಳು ಮಗುವನ್ನು ನನ್ನ ಸೊಂಟದಿಂದ ಎತ್ತಿಕೊಂಡಳು. ಎತ್ತಿಕೊಂಡೇ ಒಳಗೆ ಹೋದಳು. ನಾನೂ ಅದರಲ್ಲಿ ಏನನ್ನೂ ಕಾಣಲಿಲ್ಲ. ಮಾರನೇ ದಿನ, ಶುಕ್ರವಾರ, ಅವಳ ತಮ್ಮ ಬಂದ.

ಆ ರಾತ್ರಿಯೂ ನಾವು ಧಾರಾವಾಹಿ ಹಾಕಿದೆವು. ರೂಢಿ, ಕೈ ತಾನಾಗೇ ಹೋಗುತ್ತದೆ. ಅದರಲ್ಲಿ ಮಗು ಸಿಕ್ಕಿತು, ಬಚ್ಚಿಟ್ಟವಳನ್ನು ಮನೆಯಿಂದ ಆಚೆ ತಳ್ಳಿದರು. ಮುಗಿದ ಮೇಲೆ ನಾನು ಪಾತ್ರೆ ಉಜ್ಜಲು ಕೂತೆ, ವಾರಗಿತ್ತಿ ತೊಳೆದು ಬೋರಲು ಹಾಕುತ್ತಿದ್ದಳು. ಇಷ್ಟು ವರ್ಷ ನಾವು ಪಾತ್ರೆ ತೊಳೆದಿದ್ದು ಹಾಗೇ.

“ಯಾಕವ್ವ ಇಂಗೆ ಮಾಡ್ದೆ?” ಅಂದೆ.

ಅವಳು ಒಂದು ಚೊಂಬನ್ನು ಸುಮಾರು ಹೊತ್ತು ತೊಳೆದಳು. “ನೀನು ಅಂಗೆಲ್ಲ ಮಾಡೋಳಲ್ಲ ಅಂತ ನಂಗೆ ಗೊತ್ತು ಅಕ್ಕ. ಆದ್ರೂ ಬುಧ್ವಾರ ಅದ್ನ ನೋಡುದ್ಮ್ಯಾಕೆ ಜೀವ ನಿಲ್ನಿಲ್ಲ. ನೆನ್ನೆ ನಾಲೆಯಿಂದ ಬಂದು ನೋಡ್ತೀನಿ, ಮಗಾನೂ ಇಲ್ಲ, ನೀನೂ ಇಲ್ಲ. ದೇವ್ರ ಕೋಣೆ ಬಾಗ್ಲು ತೆಗ್ದು ನೋಡ್ದೆ.”

ನನಗೆ ನಗು ಬರಬೇಕಿತ್ತು. ನಮ್ಮ ದೇವರ ಕೋಣೆಯಲ್ಲಿ ಒಬ್ಬರು ಕೂರಲೂ ಜಾಗವಿಲ್ಲ.

“ಅದು ಟೀವಿ ಕಣವ್ವ,” ಅಂದೆ.

“ಟೀವಿನೇ. ನೀನು ಅಳ್ತಿದ್ಯಲ್ಲ ಅಕ್ಕ, ಅದು ಯಾರ್ಗೆ?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಬೂದಿ ಮೆತ್ತಿದ ಕೈಯಲ್ಲೇ ಕೂತಿದ್ದೆ. ಆಮೇಲೆ ಒಂದೇ ಒಂದು ಕೇಳಿದೆ. “ಸೋಮ್ವಾರ ಒರ್ಡೋಕೆ ಮುಂಚೆ ಒಂದ್ಗಳ್ಗೆ ಕರ್ಸಿ ತೋರುಸ್ಬುಟ್ಟು ಓಗ್ತೀಯಾ? ಎತ್ಕಳಾದೂ ಬ್ಯಾಡ. ನೋಡ್ತೀನಿ ಅಷ್ಟೆ.”

“ನೋಡಾನ ಅಕ್ಕ,” ಅಂದಳು.

ಆ ಮಾತನ್ನೇ ಹಿಡಿದುಕೊಂಡು ಎರಡು ದಿನ ಕಳೆದೆ. ಯಜಮಾನರಿಗೆ ವಿಷಯ ಗೊತ್ತಾಗಿ, “ಟೀವಿ ನೋಡ್ಕಂಡು ಮನೆ ಆಳ್ಮಾಡ್ಕಂಡ್ರಿ,” ಎಂದು ರೇಗಿದರು. ಮನೆ ಹಾಳಾಗಿದ್ದು ಟೀ ಅಂಗಡಿ ಮುಂದೆ ಎಂದು ನಾನು ಹೇಳಬಹುದಿತ್ತು. ಆದರೆ ಅವರ ಮುಖ ಆಗಲೇ ಇಳಿದಿತ್ತು.

ಸೋಮವಾರ ಟ್ರಾಕ್ಟರು ಬಂದು ನಿಂತಿತು. ಮಂಚ, ಬೀರು, ಪಾತ್ರೆಯ ಚೀಲಗಳು ಏರಿದವು. ಕೊನೆಗೆ ಯಜಮಾನರು ಯಾರನ್ನೂ ಕೇಳದೆ ಒಂದು ಮೂಟೆ ಅಕ್ಕಿ ಹೊತ್ತು ತಂದು ಹಾಕಿದರು. ನಮ್ಮದೇ ಗದ್ದೆಯ ಅಕ್ಕಿ. ಹಗ್ಗ ಬಿಗಿಯುವಾಗ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ತುದಿ ತಮ್ಮನ ಕೈಯಲ್ಲಿ ಇತ್ತು. “ಎಳಿ” ಅಂದರು ಒಬ್ಬರು, “ಊ” ಅಂದ ಇನ್ನೊಬ್ಬ. ಬಹಳ ದಿನದ ಮೇಲೆ ಅಷ್ಟಾದರೂ ಮಾತಾಯಿತಲ್ಲ ಅಂತ ಅತ್ತೆ ದೇವರಿಗೆ ಕೈ ಮುಗಿದರು.

ನಾನು ಬೀದಿಯ ತಿರುವಿನ ಕಡೆ ನೋಡುತ್ತಾ ನಿಂತಿದ್ದೆ. ಬೈಕಿನ ಸದ್ದು ಕೇಳಿದಾಗೆಲ್ಲ ಜೀವ ಜಿಗಿಯುತ್ತಿತ್ತು. ಒಂದು ಬೈಕು ಬಂತು, ಗೊಬ್ಬರದ ಚೀಲ ಹೊತ್ತಿತ್ತು.

ವಾರಗಿತ್ತಿ ಅತ್ತೆಯ ಕಾಲಿಗೆ ಬಿದ್ದು, ನನ್ನ ಕಾಲಿಗೂ ಬಿದ್ದಳು. ಏಳುವಾಗ ನನ್ನ ಮುಖ ನೋಡದೆ ಹೇಳಿದಳು: “ಮಗ ಅಲ್ಲಿಂದ್ಲೇ ನೆಟ್ಟಗೆ ಪಾಂಡವಪುರಕ್ಕೆ ಬತ್ತದೆ ಅಕ್ಕ. ಇಲ್ಲಿಗೆ ಬಂದ್ರೆ ಅದು ನಿನ್ನ ಬುಟ್ಟು ಬರಲ್ಲ. ಆಗ ನಾನೂ ಓಗಕ್ಕಾಗಲ್ಲ.”

ಅವಳ ಹಣೆಗೆ ಕುಂಕುಮ ಇಟ್ಟೆ. ತಾಯಿಗೆ ತನ್ನ ಮಗು ತನ್ನ ಜೊತೆ ಬರುವುದೋ ಇಲ್ಲವೋ ಎಂಬ ಭಯ ಇರಬೇಕಾದರೆ, ನಾನು ಅವಳ ಪಾಲಿನದನ್ನು ಎಷ್ಟು ಇಟ್ಟುಕೊಂಡಿದ್ದೆನೋ. ಬೇಕೆಂದು ಇಟ್ಟುಕೊಂಡಿದ್ದಲ್ಲ. ನಾನು ನಾಗಮಂಗಲ ಕಡೆಯ ದೇವಲಾಪುರದವಳು, ಮಳೆ ಬಂದರೆ ಉಂಟು ಇಲ್ಲದಿದ್ದರೆ ಇಲ್ಲ ಎಂಬ ಸೀಮೆ. ಸಿಕ್ಕಿದ್ದನ್ನು ಚೆಲ್ಲದೆ ಹಿಡಿದುಕೊಳ್ಳುವುದು ನಮಗೆ ಹುಟ್ಟಿನಿಂದ ಬಂದಿದ್ದು.

ಅವತ್ತು ಸಂಜೆ ಟೀವಿ ಹಾಕಲಿಲ್ಲ. ಊಟ ಆಯಿತು. ಸ್ವಲ್ಪ ಹೊತ್ತಿಗೆ ಫೋನು ಬಂತು. ವಾರಗಿತ್ತಿಯದು. ಹಿಂದೆ ಮಗು ಅಳುವ ಸದ್ದು, ಅತ್ತೂ ಅತ್ತೂ ದನಿ ಬಿದ್ದಿತ್ತು.

“ಮಲುಗ್ತನೇ ಇಲ್ಲ ಅಕ್ಕ. ಎಷ್ಟು ತಟ್ಟುದ್ರೂ ಆಯ್ತಿಲ್ಲ. ದೊಡ್ಡವ್ವನ ತವು ಓಗ್ಬೇಕು ಅಂತದೆ.” ಅವಳ ದನಿಯೂ ಒಡೆದಿತ್ತು. “ನೀನೇ ಒಸಿ ಮಾತಾಡಕ್ಕ. ಫೋನು ಕೊಡ್ತೀನಿ.”

ಮೂರು ದಿನದಿಂದ ಆ ದನಿಗಾಗಿಯೇ ಕಿವಿ ಕಾದಿತ್ತು. ಕೊಡು ಅಂದಿದ್ದರೆ ಮುಗಿದಿತ್ತು.

“ಬ್ಯಾಡ ಕಣವ್ವ,” ಅಂದೆ. “ನನ್ನ ದನಿ ಕೇಳುದ್ರೆ ನಾಳಿಕ್ಕೂ ಅದೇ ಆಟ ಮಾಡ್ತದೆ. ನಾನು ಏಳ್ತೀನಿ, ನೀನು ಮಾಡು. ಅಳ್ಳೆಣ್ಣೆ ಅದೆಯಾ ಮನೇಲಿ?”

“ಅದೆ.”

“ಅಂಗಾಲಿಗೆ ಅಚ್ಚು. ಜೋರಾಗ್ ತಿಕ್ಬ್ಯಾಡ, ಎಬ್ಬೆಟ್ಟಲ್ಲಿ ನಿದಾನುಕ್ಕೆ. ಆಮೇಕೆ ನೀರಿನ ಕತೆ ಏಳು. ನೀರು ಕಟ್ಟೇಲಿ ಮಲ್ಗಿತ್ತಂತೆ, ಎದ್ದು ನಾಲೇಲಿ ನಡ್ಕಂಡು ಬತ್ತಂತೆ, ಗದ್ದೇಲಿ ಕೂತ್ಕತ್ತಂತೆ, ಕೊಕ್ಕರೆ ಕುಡೀತಂತೆ, ಎಮ್ಮೆ ಕುಡೀತಂತೆ. ಯಾರ್ಯಾರು ಕುಡುದ್ರು ಅಂತ ಏಳ್ಕಂಡು ಓಗ್ಬೇಕು. ಎಮ್ಮೆ ದಾಟೋವಷ್ಟೊತ್ಗೆ ಕಣ್ಣು ಮುಚ್ತದೆ.”

“ಇಷ್ಟೇಯಾ ಅಕ್ಕ?”

“ಇಷ್ಟೇ ಕಣವ್ವ.”

ಅವಳು ಫೋನು ಕೆಳಗಿಟ್ಟಳು, ಕತ್ತರಿಸುವುದನ್ನು ಮರೆತಳು. ನಾನು ಕಿವಿಗೆ ಹಿಡಿದೇ ಕೂತಿದ್ದೆ. ಅವಳು ಕತೆ ಶುರು ಮಾಡಿದಳು. ಗದ್ದೆಗಿಂತ ಮೊದಲೇ ಎಮ್ಮೆಗೆ ನೀರು ಕುಡಿಸಿದಳು. ಮಗು ಅಳು ನಿಲ್ಲಿಸಿ, “ಅಂಗಲ್ಲ ಮಮ್ಮಿ, ಮೊದ್ಲು ಕೊಕ್ಕರೆ” ಎಂದು ತಿದ್ದಿತು. ಅವಳು ಮತ್ತೆ ಮೊದಲಿಂದ ಹೇಳಿದಳು. ಈ ಸಲ ಮಗು ತಿದ್ದಲಿಲ್ಲ.

ಫೋನು ಆರಿಸಿದೆ. ಗೋಡೆಗೆ ಒರಗಿದ್ದ ಅತ್ತೆ ನನ್ನನ್ನೇ ನೋಡುತ್ತಿದ್ದರು. “ಮಲ್ಗಿತಾ?” ಅಂದರು.

“ಮಲ್ಗ್ತದೆ ಕಣತ್ತೆ.”

ಒಲೆಯ ಮೇಲಿದ್ದ ಹಾಲು ಅಷ್ಟರಲ್ಲಿ ಉಗುರು ಬೆಚ್ಚಗಾಗಿತ್ತು. ಇನ್ನೂ ತಡ ಮಾಡಿದರೆ ಮೊಸರು ಸರಿಯಾಗಿ ಕೂಡುವುದಿಲ್ಲ. ಎದ್ದು ಹೆಪ್ಪು ಹಾಕಲು ಹೋದೆ.