ಪ್ರೆಸ್ ಶಾಪಿನ ಕಿವಿ ಪರೀಕ್ಷೆ

ಪೀಣ್ಯದ ಒಂದು ಕಾರ್ಖಾನೆಗೆ ಕಾರ್ಮಿಕರ ಕಿವಿ ಪರೀಕ್ಷಿಸಲು ಹೋಗಿದ್ದೆ. ತಗಡು ಒತ್ತುವ ಯಂತ್ರಗಳಿರುವ ಪ್ರೆಸ್ ಶಾಪಿನ ಗದ್ದಲದಲ್ಲಿ ಅಲ್ಲಿಯವರು ಒಬ್ಬರ ತುಟಿ ಒಬ್ಬರು ನೋಡಿಕೊಂಡೇ ಮಾತಾಡುತ್ತಿದ್ದರು. ಕಿವಿ ಮಂದವಾದವರನ್ನು ಕೆಲಸದಿಂದ ಬಿಡಿಸುವುದಾಗಿ ಸೂಪರ್‌ವೈಸರ್ ಮೊದಲೇ ಹೇಳಿದ್ದರು.

ಆಫೀಸು ಕೋಣೆಯಲ್ಲಿ ನನ್ನೆದುರು ಕೂತ ರಾಯಚೂರಿನ ಬಸಪ್ಪ, ಹೆಸರು, ಊರು, ವಯಸ್ಸು ಎಲ್ಲವನ್ನೂ ತಡವರಿಸದೆ ಹೇಳಿದರು. ಅವರ ಕಣ್ಣು ನನ್ನ ತುಟಿ ಬಿಟ್ಟು ಕದಲಲಿಲ್ಲ. ಅನುಮಾನ ಬಂದು, ಕಾಗದದಿಂದ ಬಾಯಿ ಮರೆಮಾಡಿಕೊಂಡು ಮಕ್ಕಳೆಷ್ಟು ಎಂದು ಕೇಳಿದೆ. ಅವರು ಕತ್ತು ಚಾಚಿ ಕಾಗದದ ಪಕ್ಕದಿಂದ ಇಣುಕಿದರು.

"ಕಾಗದ ಸರಸ್ರೀ ಸಾಹೇಬ್ರ, ಅಂದ್ರ ಕೇಳಸತೈತಿ," ಎಂದರು.

ಪಕ್ಕದಲ್ಲೇ ನಿಂತಿದ್ದ ಸೂಪರ್‌ವೈಸರ್ ಕಿರುಚಿದರು: "ನೋಡಿದ್ರಾ ಸಾರ್? ಇವನ ಹತ್ರ ಕೂಗಿ ಕೂಗಿ ನನ್ನ ಗಂಟಲೇ ಹೋಯ್ತು. ಕಿವುಡ ಅಂತ ಬರ್ಕೊಳಿ."

ಕೋಣೆಯಲ್ಲಿ ಅಷ್ಟು ಕಿರುಚುವ ಅಗತ್ಯವಿರಲಿಲ್ಲ. ಅವರು ಫೈಲು ಹುಡುಕಲು ಬೀರುವಿನ ಕಡೆ ತಿರುಗಿದಾಗ, "ನಿಮ್ಮ ಕಿವಿಯನ್ನೂ ನೋಡೋಣವೇ ಸಾರ್?" ಎಂದು ಮಾಮೂಲಿ ದನಿಯಲ್ಲಿ ಕೇಳಿದೆ. ಎರಡನೆಯ ಸಲ ಕೇಳಿದಾಗಲೂ ಅವರು ತಿರುಗಲಿಲ್ಲ.

ನನ್ನ ತುಟಿ ನೋಡುತ್ತಿದ್ದ ಬಸಪ್ಪ ಉತ್ತರಿಸಿದರು: "ಅವರಿಗೆ ಹಂಗ ಕೇಳಂಗಿಲ್ರೀ. ಅದಕ್ಕ ನಾವೆಲ್ಲಾ ಎದುರಿಗೆ ಹೋಗಿ ನಿಂತು, ಬಾಯಿ ಅಗಲ ಮಾಡಿ ಮಾತಾಡತೀವಿ. ಅವರು ಅದನ್ನ ಮರ್ಯಾದಿ ಅಂತ ತಿಳ್ಕೊಂಡಾರ."

ಸೂಪರ್‌ವೈಸರನ್ನೂ ಕೂರಿಸಿ ಪರೀಕ್ಷಿಸಿದೆ. ಇಬ್ಬರ ಹೆಸರಿನ ಮುಂದೆಯೂ ಒಂದೇ ಫಲಿತಾಂಶ ಬರೆದು ಹಾಳೆಯನ್ನು ಸೂಪರ್‌ವೈಸರ್ ಕೈಗೆ ಕೊಟ್ಟೆ. ಓದಿಕೊಂಡು, ಅವರು ಆ ದಿನ ಮೊದಲ ಬಾರಿಗೆ ದನಿ ತಗ್ಗಿಸಿದರು.

"ಬಿಡಿಸೋದೆಲ್ಲ ಯಾಕೆ ಬಿಡಿ ಸಾರ್. ಪ್ರೆಸ್ ಶಾಪಲ್ಲಿ ಕಿವಿಯಿಂದ ಏನಾಗ್ಬೇಕು? ಅನುಭವ ಮುಖ್ಯ."